ಚೆಲ್ಲಿದ ಮೊದಲ ನೀರು

ಬಳ್ಳಾರಿಯಲ್ಲಿ ಬೇಸಿಗೆ ಕಳೆದು ಬೀಳುವ ಮೊದಲ ಮಳೆಗೆ ಬಣ್ಣವಿದೆ. ಬೀಳುವಾಗ ಇರುವುದಿಲ್ಲ, ರಸ್ತೆ ಮುಟ್ಟಿದ ಮೇಲೆ ಬರುತ್ತದೆ. ಲಾರಿಗಳು ಉದುರಿಸಿದ ಅದಿರಿನ ಪುಡಿ, ಗ್ಯಾರೇಜುಗಳ ಮುಂದೆ ಸೋರಿ ಒಣಗಿದ ಆಯಿಲ್, ಸವೆದ ಟೈರಿನ ಕರಿ, ಸಗಣಿ, ಉಗುಳು ಎಲ್ಲ ಸೇರಿ ಇಟ್ಟಿಗೆ ಪುಡಿ ಕಲಸಿದಂಥ ನೀರು ಚರಂಡಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಚರಂಡಿಯಲ್ಲಿ ಸಾಧಾರಣ ಮಳೆನೀರು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಇದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ.

ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ದುಡಿದು ನಿವೃತ್ತನಾದವನು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ಕೇಳುವುದನ್ನು ಆ ಕೆಲಸ ಕಲಿಸಿತು. ಕೆಲಸ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ತರಕಾರಿಯವನು ಬದನೆಕಾಯಿ ಇವತ್ತಿನದು ಎಂದರೂ ನನಗೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ.

ಕುರುಗೋಡಿನಿಂದ ಕೆರೆ ಸಮಿತಿಯ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದದ್ದು ಈ ಅಭ್ಯಾಸದ ಕಾರಣಕ್ಕೇ ಇರಬೇಕು. ಹತ್ತಿ ವ್ಯಾಪಾರದ ಹಿರಿಯರು, ಮಾತು ಕಡಿಮೆ. ಅವರ ಊರ ಹೊರಗೆ ಒಂದು ಸಣ್ಣ ಕೆರೆಯಿದೆ. ಮಳೆಗಾಲದಲ್ಲೂ ಅರ್ಧ ತುಂಬುವುದಿಲ್ಲ. ಊರ ಮಾರುಕಟ್ಟೆಯ ಕಡೆಯಿಂದ ಬರುವ ದೊಡ್ಡ ಚರಂಡಿಯ ಮಳೆನೀರು ಮಾತ್ರ ಕೆರೆಯ ಪಕ್ಕದಲ್ಲೇ ಹಾದು ಹಳ್ಳಕ್ಕೆ ಹೋಗಿಬಿಡುತ್ತದೆ. ಆ ನೀರನ್ನು ತಿರುಗಿಸಿ, ಮಧ್ಯದಲ್ಲಿ ಒಂದು ಶುದ್ಧೀಕರಣ ಘಟಕ ಕೂರಿಸಿ, ಕೆರೆಗೆ ಬಿಡಬೇಕೆಂಬುದು ಯೋಜನೆ. ಘಟಕ ಮಾಡುವ ಕಂಪನಿಯವರು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದನ್ನು ಪರೀಕ್ಷೆಗೆಂದು ಕೂರಿಸಿದ್ದರು. ಅದು ಕೊಳೆಯನ್ನು ಎಷ್ಟು ತೆಗೆಯುತ್ತದೆ ಎಂದು ನೀರಿನ ಮಾದರಿ ಹಿಡಿದು ನೋಡಬೇಕು, ಆಗ ಪಕ್ಷವಿಲ್ಲದವರೊಬ್ಬರು ಪಕ್ಕದಲ್ಲಿ ನಿಂತಿರಬೇಕು.

ನಾನು ಮೊದಲೇ ಹೇಳಿದೆ. ಆ ಕೆರೆಯ ಏರಿಯ ಕೆಳಗೇ ನಮ್ಮ ಅಕ್ಕನ ಬಾವಿಯಿದೆ. ಕೆರೆಯಲ್ಲಿ ನೀರಿದ್ದರೆ ಬಾವಿಯಲ್ಲಿ ನೀರು. ಅವಳೂ ಅವಳ ಓಣಿಯವರೂ ಕುಡಿಯುವುದು ಅದನ್ನೇ.

"ಗೊತ್ತೈತ್ರಿ," ಅಂದರು ಅಧ್ಯಕ್ಷರು. "ಅದಕ್ಕ ನಿಮ್ಮನ್ನ ಕರಿಯಾಕ ಬಂದದ್ದು. ಸಂಬಂಧ ಇಲ್ಲದವ್ರು ಬಂದು ನಿಂತು, ಚಾ ಕುಡದು, ಸೈ ಅಂತಾರ."

ನಾನು ಒಪ್ಪಿಕೊಂಡೆ.

ಪರೀಕ್ಷೆಗೂ ಮುಂಚೆ ಒಂದು ಸಲ ಕುರುಗೋಡಿಗೆ ಹೋಗಿ ಅಕ್ಕನನ್ನು ಕೇಳಿದೆ. ಅಕ್ಕ ನನಗಿಂತ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಎಮ್ಮೆ ಕಟ್ಟಿಕೊಂಡು, ಹಾಲು ಹಾಕಿಕೊಂಡು, ಯಾರ ಮಾತಿಗೂ ಮಣಿಯದೆ ಇದ್ದವಳು. ಅವಳು ಬಾವಿಕಟ್ಟೆಯ ಮೇಲೆ ಕೂತು ಎಮ್ಮೆಯ ಹಗ್ಗ ಹೊಸೆಯುತ್ತಿದ್ದಳು.

"ಕೆರಿಗೆ ನೀರು ಬರೋದು ಬ್ಯಾಡ ಅಂತೀಯೇನು ಅಕ್ಕಾ?"

"ಯಾರು ಅಂದ್ರು? ಬ್ಯಾಸಗ್ಯಾಗ ಹಗ್ಗ ಮುಗಿದ್ರೂ ಕೊಡ ನೀರು ಮುಟ್ಟಂಗಿಲ್ಲ ಈ ಬಾವ್ಯಾಗ. ನೀರು ಬೇಕು. ಸಂತಿ ಚರಂಡಿ ನೀರು ಬ್ಯಾಡ."

"ಶುದ್ಧ ಮಾಡಿ ಬಿಡ್ತಾರಂತ."

"ಯಾರು ಹೇಳಿದ್ರು?"

ನನ್ನದೇ ಪ್ರಶ್ನೆಯನ್ನು ನನಗೇ ಕೇಳಿದಳು. ಅವಳ ಬಳಿ ಇದ್ದ ಅನುಮಾನ ಸರಳವಾದದ್ದು. ಮಾರುಕಟ್ಟೆಯ ಚರಂಡಿ ಅವಳು ದಿನಾ ಹಾಲು ಹಾಕಲು ಹೋಗುವ ದಾರಿಯಲ್ಲಿದೆ. ಅದರೊಳಗೆ ಏನು ಬೀಳುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಂಟೋನ್ಮೆಂಟಿನ ಘಟಕ ಒಂದು ದೊಡ್ಡ ಚರಂಡಿಯ ತುದಿಯಲ್ಲಿತ್ತು. ಹಳೆಯ ಕಾಲದ ಅಗಲವಾದ ರಸ್ತೆ, ಎರಡೂ ಕಡೆ ಬೇವಿನ ಮರ, ಆಚೆ ಒಂದು ಸಾಲು ಗ್ಯಾರೇಜುಗಳು. ಘಟಕವೆಂದರೆ ಮೂರು ತೊಟ್ಟಿ. ಮೊದಲನೆಯದರಲ್ಲಿ ನೀರು ನಿಂತು ಮಣ್ಣು ತಳಕ್ಕೆ ಕೂರಬೇಕು. ಎರಡನೆಯದರಲ್ಲಿ ಜಲ್ಲಿ, ಮರಳು, ಮೇಲೆ ಜೊಂಡು. ಮೂರನೆಯದರಲ್ಲಿ ಒಂದು ಕಪ್ಪು ಪುಡಿ ತುಂಬಿದ ಚೀಲಗಳಿದ್ದವು. ಅದು ಎಣ್ಣೆ ಮತ್ತು ಲೋಹಗಳನ್ನು ಹೀರಿಕೊಳ್ಳುತ್ತದೆಂದು ಕಂಪನಿಯ ಇಂಜಿನಿಯರು ಹೇಳಿದ. ಮೂವತ್ತರ ಆಸುಪಾಸಿನ ತರುಣ. ಬಳ್ಳಾರಿಯವನೇ. ನನ್ನ ಜೊತೆ ಕನ್ನಡ, ಫೋನಿನಲ್ಲಿ ತೆಲುಗು. ನಗುಮುಖ. ನನಗೆ ಅವನ ನಗುಮುಖದ ಮೇಲೇ ಮೊದಲ ಅನುಮಾನ ಬಂತೆಂದರೆ ಅನ್ಯಾಯವಾದೀತು, ಆದರೆ ಬಂದದ್ದು ನಿಜ.

ಮಾದರಿ ಹಿಡಿಯಲು ಪ್ರಯೋಗಾಲಯದಿಂದ ಬಂದವರು ಐವತ್ತು ದಾಟಿದ, ಅಚ್ಚುಕಟ್ಟಾದ ಮನುಷ್ಯ. ಅಂಗಿಯ ಜೇಬಿನಲ್ಲಿ ಕರವಸ್ತ್ರ ಮಡಿಸಿ ಇಟ್ಟುಕೊಂಡಿದ್ದರು. ಊರೂರ ನಲ್ಲಿ, ಬೋರು, ಬಾವಿಗಳ ಕುಡಿಯುವ ನೀರು ಹಿಡಿದು ಪರೀಕ್ಷೆಗೆ ಕಳಿಸುವುದೇ ಅವರ ಇಷ್ಟು ವರ್ಷಗಳ ಕೆಲಸ. ಮಳೆನೀರಿನ ಕೆಲಸ ಹೊಸದು.

ನಾವು ಮೂವರೂ ಮಳೆಗೆ ಕಾದೆವು. ಬಳ್ಳಾರಿಯಲ್ಲಿ ಮಳೆಗೆ ಕಾಯುವುದು ಉದ್ಯೋಗವಿಲ್ಲದವರ ಕೆಲಸ. ಮೋಡ ಗುಡ್ಡದ ಮೇಲೆ ಬಂದು ಕೂತು, ಊರನ್ನೆಲ್ಲ ನೋಡಿ, ಆಂಧ್ರದ ಕಡೆಗೆ ಎದ್ದು ಹೋಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಗಾಳಿ ಎದ್ದು, ಧೂಳು ಹಾರಿ, ದಪ್ಪ ಹನಿ ಬಿತ್ತು. ಫೋನು ಮಾಡಿಕೊಂಡು ಎಲ್ಲರೂ ಓಡಿದೆವು. ನಾನು ಕೊಡೆ ಹಿಡಿದು ಚರಂಡಿಯ ಅಂಚಿನಲ್ಲಿ ನಿಂತೆ. ಕೆಂಪು ನೀರು ಬಂತು, ತೊಟ್ಟಿಗೆ ನುಗ್ಗಿತು. ಮಾದರಿಯವರು ನಿಧಾನವಾಗಿ ಕೈಗವಸು ಹಾಕಿಕೊಂಡರು. ಬಾಟಲಿ ತೆಗೆದು ಬಗ್ಗಿ ನೀರು ತುಂಬಿದರು, ಕುಲುಕಿದರು, ಚೆಲ್ಲಿದರು. ಮತ್ತೆ ತುಂಬಿದರು, ಚೆಲ್ಲಿದರು. ಇಂಜಿನಿಯರು ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದ. ಆಮೇಲೆ ಹಿಡಿದ ನೀರಿಗೆ ಮುಚ್ಚಳ ಹಾಕಿ, ಚೀಟಿ ಅಂಟಿಸಿ, ಘಟಕದ ಇನ್ನೊಂದು ತುದಿಗೆ ಹೋಗಿ ಅಲ್ಲಿಯೂ ಹಾಗೇ ಮಾಡಿದರು.

ಇಂಜಿನಿಯರು ಘಟಕದಿಂದ ಹೊರಬಂದ ನೀರಿನ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಹೆಂಗೈತಿ ನೋಡ್ರಿ ಸಾರ್. ತಿಳಿ ಆಗೈತಿ."

ಆಗಿತ್ತು. ನಮ್ಮ ಭಾಷೆಯಲ್ಲಿ ನೀರು ತಿಳಿಯಾಗುವುದಕ್ಕೂ ಮನುಷ್ಯನಿಗೆ ತಿಳಿಯುವುದಕ್ಕೂ ಒಂದೇ ಮಾತು. ತಿಳಿ ನೀರು ಕಂಡ ಕೂಡಲೇ ಎಲ್ಲ ತಿಳಿಯಿತು ಎಂದುಕೊಳ್ಳುವುದು ಅದಕ್ಕೇ ಸುಲಭವಿರಬೇಕು. ಟೈರಿನ ಪುಡಿಯಿಂದ ನೀರಿಗೆ ಕರಗಿದ ಸತುವು ಕಣ್ಣಿಗೆ ಕಾಣುವುದಿಲ್ಲ. ನಾನು ಕಂಡದ್ದು ಇಷ್ಟು, ಹಿಡಿದದ್ದು ಇಂಥ ಹೊತ್ತಿನಲ್ಲಿ ಎಂದಷ್ಟೇ ಗಮನದಲ್ಲಿಟ್ಟುಕೊಂಡೆ.

ಪರೀಕ್ಷೆಯ ಫಲಿತಾಂಶ ಬಂದಾಗ ಹೊರಗಿನ ನೀರು ಎಲ್ಲ ಲೆಕ್ಕದಲ್ಲೂ ಮಿತಿಯೊಳಗೇ ಇತ್ತು. ಕಂಪನಿಯವರು ಕೊಳೆ ಇಷ್ಟು ಪಾಲು ಕಡಿಮೆಯಾಗಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಕುರುಗೋಡಿಗೆ ಕಳಿಸಿದರು. ಅಧ್ಯಕ್ಷರು ನನಗೆ ಫೋನು ಮಾಡಿ, "ಚಲೋ ಬಂದೈತಂತಲ್ರಿ," ಅಂದರು. ಅವರ ದನಿಯಲ್ಲಿ ನೆಮ್ಮದಿಯಿತ್ತು.

ಸುದ್ದಿಮನೆಯಲ್ಲಿ ಚುನಾವಣೆಯ ಲೆಕ್ಕ ಬಂದಾಗ ಗೆದ್ದವರದ್ದನ್ನು ಎಲ್ಲರೂ ನೋಡುತ್ತಾರೆ. ಸೋತವರ ಲೆಕ್ಕ ನೋಡುವುದು ಡೆಸ್ಕಿನಲ್ಲಿ ಕೂತವನ ಕೆಲಸ. ನಾನು ಹೊರಗಿನ ನೀರನ್ನು ಬಿಟ್ಟು ಒಳಗೆ ಹೋದ ನೀರಿನ ಫಲಿತಾಂಶ ನೋಡಿದೆ. ಅದೂ ಹೆಚ್ಚುಕಡಿಮೆ ಮಿತಿಯೊಳಗೇ ಇತ್ತು.

ಬೇಸಿಗೆಯೆಲ್ಲ ಗ್ಯಾರೇಜಿನ ಆಯಿಲ್ ಕುಡಿದ ರಸ್ತೆಯ ಮೊದಲ ಮಳೆ. ನನ್ನ ಕಣ್ಣೆದುರೇ ಕೆಂಪಗೆ ಬಂದ ನೀರು. ಅದು ಒಳಗೆ ಹೋಗುವಾಗಲೇ ಅಷ್ಟು ಚೊಕ್ಕಟವಾಗಿದ್ದರೆ ಘಟಕ ತೆಗೆದದ್ದೇನನ್ನು? ಸ್ವಲ್ಪವಿದ್ದದ್ದು ಇನ್ನೂ ಸ್ವಲ್ಪವಾದರೆ ಪಾಲಿನ ಲೆಕ್ಕದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ನಿಜವಾದ ಕೊಳೆ ಬಂದಾಗ ಘಟಕ ಏನು ಮಾಡುತ್ತದೆ ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿರಲಿಲ್ಲ.

ನನಗೆ ಹೊಳೆದ ಮೊದಲ ವಿವರಣೆ ಮೋಸ. ಬಾಟಲಿ ಬದಲಾಗಿರಬಹುದು. ಇಂಜಿನಿಯರು ಕೊಡೆ ಹಿಡಿದದ್ದು ಮಾದರಿಯವರಿಗೆ ಮಳೆ ತಾಗದಿರಲೆಂದೋ, ನನ್ನ ಕಣ್ಣಿಗೆ ಮರೆಯಾಗಲೆಂದೋ? ಇಬ್ಬರೂ ಮೊದಲೇ ಪರಿಚಯದವರೋ? ನಾನು ಯಾರಿಗೂ ಏನೂ ಹೇಳದೆ ಸಿರುಗುಪ್ಪಕ್ಕೆ ಬಸ್ಸು ಹತ್ತಿದೆ. ಇದೇ ಕಂಪನಿಯ ಹಳೆಯ ಘಟಕವೊಂದು ಅಲ್ಲಿ ಚೆನ್ನಾಗಿ ನಡೆಯುತ್ತಿದೆಯೆಂದು ಅವರ ಪ್ರಚಾರದ ಕಾಗದದಲ್ಲಿತ್ತು.

ಸಿರುಗುಪ್ಪದ ದಾರಿಯುದ್ದಕ್ಕೂ ಗದ್ದೆ. ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ಹೊಗೆಕೊಳವೆಗಳು, ಬಿಸಿ ಭತ್ತದ ವಾಸನೆ. ಗಿರಣಿಗಳಲ್ಲಿ ಹೊಟ್ಟು ಸುಟ್ಟ ಬೂದಿ ಗಾಳಿಗೆ ಹಾರಿ ಎಲ್ಲದರ ಮೇಲೂ ಕೂರುತ್ತದೆ, ಮಳೆ ಬಂದಾಗ ಚರಂಡಿಗೆ ಇಳಿಯುತ್ತದೆ. ಘಟಕ ಹುಡುಕಲು ಕಷ್ಟವಾಗಲಿಲ್ಲ. ಪಕ್ಕದಲ್ಲೇ ಒಂದು ಚಹಾ ಅಂಗಡಿ ಇತ್ತು. ಮೊದಲ ತೊಟ್ಟಿ ಅಂಚಿನವರೆಗೆ ಬೂದಿ ಮತ್ತು ಮಣ್ಣಿನಿಂದ ತುಂಬಿ ಗಟ್ಟಿಯಾಗಿತ್ತು. ಅದರ ಮೇಲೆ ಹುಲ್ಲು ಬೆಳೆದು ಒಂದು ಆಡು ಮೇಯುತ್ತಿತ್ತು. ಬಂದ ನೀರು, ಹೆಚ್ಚಾದದ್ದು ಹೋಗಲೆಂದು ಬಿಟ್ಟ ಪಕ್ಕದ ಕಾಲುವೆಯಲ್ಲಿ ನೇರವಾಗಿ ಹೋದ ಗುರುತು ಕಾಣುತ್ತಿತ್ತು. ಜಲ್ಲಿ, ಜೊಂಡು, ಚೀಲ ಯಾವುದನ್ನೂ ಅದು ಮುಟ್ಟಿರಲಿಲ್ಲ.

ಚಹಾ ಅಂಗಡಿಯ ಹೆಂಗಸನ್ನು ಕೇಳಿದೆ. "ಇದೇನಮ್ಮ ಇದು?"

"ನೀರು ತೊಳಿಯೋ ಮಷೀನಂತ್ರಿ," ಅಂದಳು. "ಈಗ ಮಷೀನನ್ನ ಯಾರರ ತೊಳೀಬೇಕು."

"ಯಾರೂ ಬಂದು ಸ್ವಚ್ಛ ಮಾಡಂಗಿಲ್ಲೇನು?"

"ಫೋಟೊ ಹೊಡ್ಯಾಕ ಬಂದಿದ್ರು ಒಮ್ಮಿ. ಆಗ ಆಡು ಓಡ್ಸಿದ್ರು." ಅವಳು ಚಹಾ ಸೋಸುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂ ಫೋಟೊದವರೇನ್ರಿ?"

ಅಲ್ಲವೆಂದೆ. ನಂಬಿದಳೆಂದು ಕಾಣಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಅನುಮಾನ ಕಟ್ಟಿಕೊಳ್ಳುತ್ತ ಹೋಯಿತು. ಹೊಸದಾಗಿದ್ದಾಗ ತೋರಿಸಿ, ಹಳೆಯದಾದಾಗ ಬಿಟ್ಟು ಹೋಗುವ ಜನ. ಅಂಥವರು ಒಂದು ಬಾಟಲಿ ಬದಲಿಸಲು ಹಿಂದೆಮುಂದೆ ನೋಡುತ್ತಾರೆಯೇ? ಬಳ್ಳಾರಿಗೆ ಬರುವಷ್ಟರಲ್ಲಿ ತಲೆಬರಹವೂ ಸಿದ್ಧವಾಗಿತ್ತು. ಆದರೆ ಆರೋಪಿಸುವ ಮುಂಚೆ ಆರೋಪಿತನನ್ನು ಕೇಳಬೇಕು. ಇದು ಸುದ್ದಿಮನೆಯ ಎರಡನೆಯ ಪಾಠ. ಮಾದರಿಯವರ ಮನೆಗೆ ಹೋದೆ. ಮಾತು ಸುತ್ತಿಸಲಿಲ್ಲ. ಒಳಗೆ ಹೋಗುವ ನೀರು ಇಷ್ಟು ಸ್ವಚ್ಛ ಹೇಗೆ ಬಂತು ಎಂದು ಕೇಳಿದೆ.

ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಹೆಮ್ಮೆಯಾದಂತೆ ಕಂಡಿತು.

"ಅದು ಹಿಡಿಯೋ ರೀತಿ ಮ್ಯಾಲ ಐತ್ರಿ ಸಾರ್. ಗಡಿಬಿಡಿ ಮಾಡಿದ್ರ ಎಲ್ಲ ಹೊಲಸು ಬಾಟಲಿಗೆ ಬರ್ತೈತಿ. ನಾನು ಮೊದಲಿನ ನೀರೆಲ್ಲ ಹೋಗಾಕ ಬಿಟ್ಟೆ. ಬಾಟಲಿ ಅದೇ ನೀರಿಲೆ ತೊಳದೆ. ನೀರು ಸಮ ಬಂದ ಮ್ಯಾಲ ಹಿಡದೀನಿ. ನೀವೂ ಅಲ್ಲೇ ಇದ್ರೆಲ್ಲ."

ಇದ್ದೆ. ನೋಡಿದ್ದೆ. ಅವರು ತುಂಬಿ, ಕುಲುಕಿ, ಚೆಲ್ಲಿದ್ದು ನನಗೆ ಒಂದು ಚೂರೂ ವಿಚಿತ್ರವೆನಿಸಿರಲಿಲ್ಲ. ನಮ್ಮ ಕಡೆ ಯಾರಿಗೂ ಅನಿಸುವುದಿಲ್ಲ. ಮಾಳಿಗೆ ಮನೆಗಳ ಊರಿದು. ಮಳೆ ಬಂತೆಂದರೆ ಮಾಳಿಗೆಯಿಂದ ಬೀಳುವ ಧಾರೆಗೆ ಯಾರೂ ಕೂಡಲೇ ಹಂಡೆ ಇಡುವುದಿಲ್ಲ. ಮಾಳಿಗೆ ತೊಳೆದು ಹೋಗಲಿ ಎಂದು ಬಿಡುತ್ತಾರೆ. ನಲ್ಲಿಗೆ ನೀರು ಬಂದರೂ ಮೊದಲಿನದನ್ನು ಗಿಡಕ್ಕೋ ಅಂಗಳಕ್ಕೋ ಹಾಕಿ, ಕೊಡ ಗಲಬರಿಸಿ ತೊಳೆದು, ಆಮೇಲೆ ತುಂಬುತ್ತಾರೆ. ಮೊದಲ ನೀರು ಎಂದರೆ ಚೆಲ್ಲುವ ನೀರು. ಕುಡಿಯುವ ನೀರಿನ ಮಾದರಿಗೂ ಹಾಗೇ ಮಾಡಬೇಕೆಂಬ ನಿಯಮವಿದೆ, ಅವರು ಇಷ್ಟು ವರ್ಷ ಮಾಡಿದ್ದೂ ಸರಿಯೇ. ಆದರೆ ಇಲ್ಲಿ ಪರೀಕ್ಷಿಸಬೇಕಾದ್ದು ಮೊದಲ ನೀರನ್ನೇ ಆಗಿತ್ತು. ಬೇಸಿಗೆಯ ಕೊಳೆಯೆಲ್ಲ ಅದರಲ್ಲೇ ಇರುತ್ತದೆ. ಅವರು ಅದನ್ನು ಗೌರವದಿಂದ, ಶ್ರದ್ಧೆಯಿಂದ ಚೆಲ್ಲಿ, ಉಳಿದ ಮಳೆನೀರನ್ನು ಪರೀಕ್ಷೆಗೆ ಕಳಿಸಿದ್ದರು.

ಇದನ್ನು ವಿವರಿಸಿದಾಗ ಅವರು ಜೇಬಿನ ಕರವಸ್ತ್ರ ತೆಗೆದು ಬಿಚ್ಚಿ, ಮತ್ತೆ ಮಡಿಸಿದರು.

"ಹಂಗಾದ್ರ ಹೊಲಸನ್ನ ಹಿಡೀಬೇಕಿತ್ತೇನ್ರಿ?"

"ಹೌದು."

"ಯಾರೂ ಹೇಳಲಿಲ್ಲಲ್ರಿ."

ಯಾರೂ ಹೇಳಿರಲಿಲ್ಲ. ಇಂಜಿನಿಯರಿಗೆ ಗೊತ್ತಿತ್ತೇ ಎಂಬುದು ಉಳಿದ ಪ್ರಶ್ನೆ. ಅವನನ್ನೂ ಕೇಳಿದೆ. ಅವನು ನಕ್ಕು, "ಸಾರ್, ಅವ್ರು ಅನುಭವಸ್ಥರು, ನಾನ್ಹೆಂಗ ಹೇಳ್ಲಿ," ಅಂದ. ಮತ್ತೆ ಪರೀಕ್ಷೆ ಮಾಡೋಣವೆಂದರೆ ಕೂಡಲೇ ಒಪ್ಪಿದ. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ. ಮನೆಗೆ ಹೋಗಿ ಇಂಥ ಘಟಕಗಳ ಬಗ್ಗೆ ಸಿಕ್ಕಿದ್ದನ್ನು ಓದಿದೆ. ಕಾರಣ ಅಲ್ಲಿತ್ತು. ತೊಟ್ಟಿಗಳಲ್ಲಿ ಹಿಂದಿನ ಮಳೆಯ ನೀರು ನಿಂತಿರುತ್ತದೆ, ದಿನಗಟ್ಟಲೆ ನಿಂತು ತಿಳಿಯಾಗಿರುತ್ತದೆ. ಹೊಸ ಮಳೆಯ ಕೊಳೆ ಒಂದು ತುದಿಯಿಂದ ಒಳಗೆ ಬಂದಾಗ ಇನ್ನೊಂದು ತುದಿಯಿಂದ ಹೊರಗೆ ಹೋಗುವುದು ಆ ಹಳೆಯ ನೀರು. ಎರಡೂ ಕಡೆ ಒಂದೇ ಹೊತ್ತಿಗೆ ಬಾಟಲಿ ಹಿಡಿದರೆ ಈ ಮಳೆಯ ಕೊಳೆಗೂ ಹೋದ ಮಳೆಯ ತಿಳಿಗೂ ಹೋಲಿಕೆ ನಡೆಯುತ್ತದೆ. ಘಟಕಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಸಿಗದು. ಇಂಜಿನಿಯರಿಗೆ ಇದು ಗೊತ್ತಿತ್ತೆಂದು ನಾನು ಸಾಬೀತು ಮಾಡಲಾರೆ. ಗೊತ್ತಿರಲಿಲ್ಲವೆಂದೂ ನಂಬಲಾರೆ.

ಕುರುಗೋಡಿನಲ್ಲಿ ಸಮಿತಿಯ ಸಭೆ ಸೇರಿತು. ಬಸವೇಶ್ವರ ಗುಡಿಯ ಕಡೆಗೆ ಹೋಗುವ ದಾರಿಯ ಒಂದು ಹಳೆಯ ಗೋದಾಮಿನಲ್ಲಿ ಕುರ್ಚಿ ಹಾಕಿದ್ದರು. ಕೆರೆಯ ಸುತ್ತಿನ ರೈತರು, ಓಣಿಯ ಹೆಂಗಸರು, ಗೋಡೆಗೆ ಒರಗಿ ಅಕ್ಕ. ನಾನು ಎದ್ದು ನಿಂತು ಕಂಡದ್ದನ್ನು ಹೇಳಿದೆ. ಮೊದಲ ನೀರು ಹಿಡಿದಿಲ್ಲ. ಆದ್ದರಿಂದ ಈ ಫಲಿತಾಂಶದ ಮೇಲೆ ಘಟಕ ಒಳ್ಳೆಯದೆಂದೂ ಹೇಳಲಾಗದು, ಕೆಟ್ಟದ್ದೆಂದೂ ಹೇಳಲಾಗದು. ಮುಂದಿನ ಸಲ ಒಳಗೆ ಮೊದಲ ನೀರನ್ನೇ ಹಿಡಿಯಬೇಕು, ಹೊರಗೆ ಹಳೆಯ ನೀರು ಹೋಗುವವರೆಗೆ ಕಾಯಬೇಕು. ಎಣ್ಣೆ ಪರೀಕ್ಷೆಗೆ ಗಾಜಿನ ಬಾಟಲಿ ಬೇಕು, ಅದನ್ನು ಆ ನೀರಿನಲ್ಲಿ ತೊಳೆಯಬಾರದು. ತೊಳೆದರೆ ಮೊದಲು ಬಂದ ಎಣ್ಣೆಯೂ ಗಾಜಿಗೆ ಮೆತ್ತಿಕೊಂಡು ಲೆಕ್ಕಕ್ಕೆ ಸೇರುತ್ತದೆ. ಸಿರುಗುಪ್ಪದಲ್ಲಿ ಕಂಡದ್ದನ್ನೂ ಹೇಳಿದೆ. ಆಡಿನ ಸಂಗತಿಗೆ ಹೆಂಗಸರು ನಕ್ಕರು.

ಇಂಜಿನಿಯರು ನಗಲಿಲ್ಲ. ಎದ್ದು ನಿಂತ.

"ಸಾರ್ ಹೇಳಿದ್ದಕ್ಕ ನನ್ನ ತಕರಾರಿಲ್ರಿ. ಒಂದು ಮಾತು. ಕೆರಿ ಕೆಳಗಿನ ಬಾವಿ ಇವ್ರ ಅಕ್ಕಾರದು, ಅವ್ರಿಗೆ ಚರಂಡಿ ನೀರು ಬ್ಯಾಡ ಅಂತ ನನಗ ಇವತ್ತು ಗೊತ್ತಾತು. ಯೋಜನೆ ನಿಂತ್ರ ಯಾರಿಗೆ ಅನುಕೂಲ, ನೀವ ಹೇಳ್ರಿ."

ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ನಾನು ತಡೆದೆ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನ ಕೈಕೆಳಗಿನ ವರದಿಗಾರ ಹೀಗೆ ತನ್ನ ಅಕ್ಕನ ಬಾವಿಯ ಸುದ್ದಿ ತಂದಿದ್ದರೆ ನಾನೇ ಅದನ್ನು ಬೇರೆಯವನಿಗೆ ಕೊಡುತ್ತಿದ್ದೆ. ಅಧ್ಯಕ್ಷರಿಗೆ ಮೊದಲೇ ತಿಳಿಸಿದ್ದೆ, ಎಲ್ಲರಿಗೂ ತಿಳಿಸಬೇಕಿತ್ತು, ಮುಂದಿನ ಪರೀಕ್ಷೆಗೆ ಬೇರೆಯವರು ನಿಲ್ಲಲಿ ಎಂದು ಹೇಳಿ ಕೂತೆ.

ಗೋಡೆಯ ಕಡೆಯಿಂದ ಅಕ್ಕನ ದನಿ ಬಂತು.

"ಪರ ಊರಿನ ಬಾವಿ ಆಗಿದ್ರ ಮಾತಾಡ್ತಿದ್ದಿ. ಅಕ್ಕನ ಬಾವಿ ಅಂತ ಕುಂತುಬಿಟ್ಟಿ, ಹೌದಿಲ್ಲೋ?"

"ಹಂಗಲ್ಲ ಅಕ್ಕಾ. ನಾನು ಹೇಳಿದ್ದನ್ನ ಯಾರೂ ನಂಬಂಗಿಲ್ಲ."

"ನಂಬದಿದ್ರ ಬ್ಯಾಡ. ನಾನು ನಿಲ್ತೀನಿ." ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಬಳ್ಳಾರಿಗೆ ನಾನು ಹೋಗ್ತೀನ್ರಿ. ಯಾವ ನೀರು ಹಿಡೀತಾರ ನಾನು ನೋಡ್ತೀನಿ."

"ಅಮ್ಮಾ, ನಿಮ್ಮದಂತೂ ಬಾವಿನ ಐತಿ," ಅಂದ ಇಂಜಿನಿಯರು. "ಸಂಬಂಧ ಇಲ್ಲದವ್ರು ಬೇಕು."

"ಸಂಬಂಧ ಇಲ್ಲದವ ಮಳ್ಯಾಗ ಯಾಕ ನಿಲ್ತಾನಪ್ಪ? ನೆರಳಿಗೆ ಹೋಗ್ತಾನ."

ಇಂಜಿನಿಯರು ಕೂತ. ಸುದ್ದಿಮನೆಯ ನಿಯಮ ತಪ್ಪೆಂದು ನನಗೆ ಈಗಲೂ ಅನಿಸಿಲ್ಲ, ಆದರೆ ಅವಳ ಮಾತನ್ನು ಅದು ಮುಟ್ಟುವುದಿಲ್ಲ. ಕಂಪನಿಯ ಕಡೆಯಿಂದ ಇಂಜಿನಿಯರು, ಊರಿನ ಕಡೆಯಿಂದ ಅಕ್ಕ, ಇಬ್ಬರೂ ನಿಲ್ಲಲಿ ಎಂದು ತೀರ್ಮಾನವಾಯಿತು.

ಎಮ್ಮೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಅಕ್ಕ ಸತ್ಯನಾರಾಯಣಪೇಟೆಗೆ ಬಂದು ಇಳಿದಳು. ಮಳೆ ಸುಳಿಯಲಿಲ್ಲ. ಅವಳು ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿ ಮೋಡ ನೋಡುವಳು, ನಮ್ಮ ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು ಮೂಸಿ ನೋಡುವಳು. ನನ್ನ ಹೆಂಡತಿ ಮಾಡಿದ ಚಹಾದ ಬಗ್ಗೆಯೂ ಅವಳಿಗೆ ಏನೋ ಶಂಕೆ. ಮಾದರಿಯವರು ಒಂದೆರಡು ಸಲ ಬಂದು ಅವಳಿಗೆ ಯಾವ ಬಾಟಲಿ ಏತಕ್ಕೆಂದು ತೋರಿಸಿದರು. ತೊಳೆಯದೆ ಹಿಡಿಯುವುದು ಇಬ್ಬರಿಗೂ ಒಗ್ಗಲಿಲ್ಲ. "ನೋಡಾಕ ಹೇಸಿಗಿ ಬರ್ತೈತಿ," ಅಂದಳು ಅಕ್ಕ. "ನನಗೂ ಬರ್ತೈತ್ರಿ ಅಕ್ಕಾರ," ಅಂದರು ಅವರು. ಆ ವಿಷಯದಲ್ಲಿ ಅವರ ಸ್ನೇಹ ಬೆಳೆಯಿತು. ಮಾದರಿಯವರೂ ಇಂಜಿನಿಯರಿನ ಹಾಗೇ ನಗುವುದನ್ನು ಗಮನಿಸಿದೆ, ಈ ಸಲ ಅನುಮಾನವನ್ನು ಬದಿಗಿಟ್ಟೆ.

ಕೊನೆಗೊಂದು ಸಂಜೆ ಗುಡ್ಡದ ಹಿಂದೆ ಗುಡುಗಿತು. ನಾನು ಕೊಡೆ ತೆಗೆದುಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ನೀ ಎಲ್ಲಿಗೆ?" ಅಂದಳು ಅಕ್ಕ. "ನೀ ಸಂಬಂಧಿಕ. ಮನ್ಯಾಗಿರು."

ಆಟೋ ಹತ್ತಿ ಒಬ್ಬಳೇ ಹೋದಳು. ಮುಂದಿನದನ್ನು ಅವಳು ಹೇಳಿದ್ದರಿಂದ ಬರೆಯುತ್ತಿದ್ದೇನೆ, ಮಾದರಿಯವರನ್ನು ಬೇರೆಯಾಗಿ ಕೇಳಿ ಸರಿನೋಡಿದ್ದೇನೆ. ಮೊದಲ ಕೆಂಪು ನೀರು ಬಂದ ಕೂಡಲೇ ಅವರು ಬಾಟಲಿ ತುಂಬಿದರು. ಕೈ ಅಭ್ಯಾಸದ ಮೇಲೆ ಕುಲುಕಲು ಹೋಯಿತಂತೆ, ಅಕ್ಕ ಮಣಿಕಟ್ಟು ಹಿಡಿದಳಂತೆ. ಹೊರಗಿನ ತುದಿಯಲ್ಲಿ ತಿಳಿನೀರು ಬಂದಾಗ ಇಂಜಿನಿಯರು ಈಗ ಹಿಡಿಯಿರಿ ಅಂದ. ಅಕ್ಕ ಬೇಡವೆಂದಳು. ಅದು ಹೋದ ಮಳೆಯದು, ಈ ಮಳೆಯದು ಬರಲಿ ಎಂದು ಇಬ್ಬರನ್ನೂ ನಿಲ್ಲಿಸಿದಳು. ಕೊಡೆ ಗಾಳಿಗೆ ತಿರುವಿಕೊಂಡಿತು. ಹೊರಗಿನ ನೀರಿನ ಬಣ್ಣ ಬದಲಾದ ಮೇಲೆ ಹಿಡಿದರು.

ಅವಳು ಮನೆಗೆ ಬಂದಾಗ ಸೀರೆಯ ಅಂಚೆಲ್ಲ ಕೆಂಪಾಗಿತ್ತು. ತಲೆ ಒರೆಸಿಕೊಳ್ಳುತ್ತ ಕೂತಳು. ಘಟಕ ಸೋಲಲೆಂದೇ ಅವಳು ಹೋಗಿದ್ದಾಳೆ, ಸೋತಿತೆಂದೇ ಹೇಳುತ್ತಾಳೆ ಎಂದು ನಾನು ಕಾದಿದ್ದೆ.

"ರಾಡಿ ಹಿಡೀತೈತಿ ಬಿಡು ತಮ್ಮಾ," ಅಂದಳು. "ಸುಳ್ಳು ಹೇಳಬಾರ್ದು. ಒಳಗ ಹೋಗಿದ್ದು ಮಣ್ಣಿನ ಅಂಬಲಿ ಇದ್ದಂಗ ಇತ್ತು, ಹೊರಗ ಬಂದಿದ್ದು ಮಜ್ಜಿಗಿ ನೀರಿನಂಗ. ಆದ್ರ ಮ್ಯಾಲ ಎಣ್ಣಿ ಮಿಂಚತಿತ್ತು. ಅದು ಹಂಗ ಐತಿ."

ಪ್ರಯೋಗಾಲಯದಿಂದ ಬಂದ ಫಲಿತಾಂಶ ಅವಳು ಹೇಳಿದ್ದನ್ನೇ ಹೇಳಿತು. ಮಣ್ಣು ಬಹುಪಾಲು ನಿಂತಿತ್ತು, ಮಣ್ಣಿಗೆ ಅಂಟಿದ್ದ ಕೊಳೆಯೂ ನಿಂತಿತ್ತು. ಎಣ್ಣೆಯೂ ನೀರಿನಲ್ಲಿ ಕರಗಿದ ಲೋಹವೂ ಹೆಚ್ಚಾಗಿ ದಾಟಿ ಹೋಗಿದ್ದವು. ಕಪ್ಪು ಪುಡಿಯ ಚೀಲಗಳು ಮೊದಲ ನೀರಿನ ರಭಸಕ್ಕೆ ಸಾಲುವುದಿಲ್ಲವೆಂದು ಇಂಜಿನಿಯರೇ ಒಪ್ಪಿದ. ಅವನು ಒಪ್ಪಿದಾಗ ನಗುತ್ತಿರಲಿಲ್ಲವೆಂದು ಅಧ್ಯಕ್ಷರು ಹೇಳಿದರು.

ಮತ್ತೆ ಸಭೆ ಸೇರಿತು. ಈ ಸಲ ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಕೆರೆಗೆ ನೀರು ಬೇಕೆನ್ನುವವರೂ ಇದ್ದರು, ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಾವಿಗಳು ಬತ್ತುವುದು ಅಕ್ಕನದೊಂದೇ ಅಲ್ಲ. ಮಾತು ಎಳೆದಾಡಿ ಒಂದು ನಿರ್ಧಾರಕ್ಕೆ ಬಂತು. ಚರಂಡಿಯ ಬಾಯಿಗೆ ಒಂದು ಕಬ್ಬಿಣದ ಬಾಗಿಲು ಕೂರಿಸುವುದು. ಮೊದಲ ನೀರು ಹಿಂದಿನಂತೆ ಹಳ್ಳಕ್ಕೆ ಹೋಗಲಿ. ಆಮೇಲಿನ ನೀರು ಬಾಗಿಲು ತಿರುವಿ ಘಟಕಕ್ಕೆ, ಅಲ್ಲಿಂದ ಕೆರೆಗೆ. ಎಲ್ಲರೂ ಒಪ್ಪಿದರು. ಚಪ್ಪಾಳೆ ಕೂಡ ಬಿತ್ತು. ಜನ ಏಳತೊಡಗಿದರು.

ಹಳ್ಳದ ಕೆಳಗೆ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ನನಗೆ ಕೇಳಬೇಕೆನಿಸಿತು. ಕೇಳುವ ಹಕ್ಕನ್ನು ಬಿಟ್ಟುಕೊಟ್ಟು ಹಿಂದಿನ ಸಾಲಿನಲ್ಲಿ ಕೂತವನು ನಾನು.

ಅಕ್ಕ ಎದ್ದಿರಲಿಲ್ಲ. ಅವಳಿಗಿದ್ದದ್ದು ಬೇರೆ ಪ್ರಶ್ನೆ.

"ಬಾಗಿಲ ತಿರುವೋರು ಯಾರ್ರಿ?"

ಅಧ್ಯಕ್ಷರು ಮೇಜಿನ ಮೇಲಿನ ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು. "ಅದನ್ನ ಆಮ್ಯಾಗ ನೋಡೂಣಮ್ಮ," ಅಂದರು.

"ಆಮ್ಯಾಗ ಅಂದ್ರ," ಅಂದಳು ಅಕ್ಕ, "ಮಳಿ ಬರೂಕ್ಕಿಂತ ಮುಂಚೇನೋ, ಬಂದ ಮ್ಯಾಲೋ?"

ಎದ್ದಿದ್ದ ಜನ ಒಬ್ಬೊಬ್ಬರಾಗಿ ಮತ್ತೆ ಕೂತರು.